ಮಿತವ್ಯಯವೂ ಲೋಭವೂ

ಬೇಸಗೆಯನ್ನು ಮನೆಯಲ್ಲಿಯೇ ಅಲ್ಪ ವೆಚ್ಚದಿಂದಲೂ ಸಂತೋಷದಿಂದಲೂ ಕಳೆಯುವ ಕುಟುಂಬಗಳು ನಮ್ಮ ಕರಾವಳಿಯ ಸಭೆಗಳಲ್ಲಿ ಅನೇಕ ಉಂಟು. ಅಲ್ಲಿ ಅಕ್ಕಿ ತೊಳೆದ ನೀರು ಬಸಳೆಯ ಬುಡಕ್ಕೂ ಸ್ನಾನದ ನೀರು ಬಾಳೆಗೂ ಹೋಗುವದು. ತರಗೆಲೆಯನ್ನು ಸುಡದೆ ಗಿಡದ ಬುಡಕ್ಕೆ ಹೊದಿಸುವದರಿಂದ ಮಣ್ಣಿನ ತೇವವು ಬೇಗನೆ ಆರದು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಮಾಡತೊಡಗಿದಂಥ ಹಂಚು ಮಾಡಿನ ಮೇಲೆ ಒಡೆದರೂ ತೋಟದಲ್ಲಿ ಪಾತಿಯ ಅಂಚಿಗೆ ಒದಗುವದು. ಹಲಸಿನ ಬೀಜವು ಮಳೆಗಾಲದ ಪಲ್ಯಕ್ಕೆ ಉಳಿಯುವದು.

ಆದರೆ ಲೋಭಿಯೂ ಏನನ್ನೂ ಬಿಸಾಡನು. ಹಾಗಾದರೆ ಮಿತವ್ಯಯಕ್ಕೂ ಲೋಭಕ್ಕೂ ಭೇದವೇನು?

ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯವನ್ನು ನೋಡಿರಿ. ಐದು ರೊಟ್ಟಿಗಳಿಂದ ಐದು ಸಾವಿರ ಜನರನ್ನು ಉಣಿಸಿದ ಕರ್ತನಿಗೆ ಏನು ಕೊರತೆ? ಆದರೂ ಮಿಕ್ಕ ತುಂಡುಗಳನ್ನು ಕೂಡಿಸುವಂತೆ ಆತನು ಶಿಷ್ಯರಿಗೆ ಅಪ್ಪಣೆಕೊಟ್ಟನು. ಹನ್ನೆರಡು ಪುಟ್ಟಿಗಳು ತುಂಬಿದವು. ಆ ಅಪ್ಪಣೆಯು ಯಾವಾಗ ಉಂಟಾಯಿತೆಂಬದನ್ನು ಗಮನಿಸಿರಿ: ಎಲ್ಲರೂ ಉಂಡು ತೃಪ್ತರಾದ ಮೇಲೆ. ಮಿತವ್ಯಯಿಯು ನೆರೆಯವನಿಗೆ ಉಣಿಸಿ ಕೂಡಿಸುತ್ತಾನೆ. ಲೋಭಿಯು ಅದಕ್ಕೂ ಮೊದಲೇ ಕೂಡಿಸುತ್ತಾನೆ. ಭೇದವು ಈ ಕ್ರಮದಲ್ಲಿಯೇ ಇರುವದು.

ಆದಕಾರಣ ಪಾತಿ ಅಗೆದವನ ಕೂಲಿಯಲ್ಲಿ ಉಳಿಸಿದ ಕಾಸು ಮಿತವ್ಯಯವಲ್ಲ, ಅನ್ಯಾಯವೇ. ಮೇ ತಿಂಗಳಲ್ಲಿ ಬಾವಿ ಬತ್ತಿದ ನೆರೆಮನೆಯವರಿಗೆ ಒಂದು ಕೊಡ ನೀರು ಕೊಡದೆ ಬೆಳೆಸಿದ ಬಸಳೆಯು ಎಷ್ಟು ಹಸುರಾಗಿದ್ದರೂ ಅದರಲ್ಲಿ ಆಶೀರ್ವಾದವಿರದು. ಮೊದಲು ಅವರ ಕೊಡವು ತುಂಬಲಿ. ಆಮೇಲೆ ಉಳಿದ ನೀರಿನಿಂದ ಬೆಳೆದ ಸೊಪ್ಪಿನ ಊಟವು, ಬಡ ಊಟವಾದರೂ, ಕೃತಜ್ಞತೆಯಿಂದ ಉಣ್ಣತಕ್ಕದ್ದಾಗುವದು.