ದಾರಿಯ ದಿನವು ವ್ಯರ್ಥವೆ?

ದೇಶಸಂಚಾರವಿಲ್ಲದೆ ವಿದ್ಯೆಯು ಪೂರ್ಣವಾಗದೆಂಬ ನಂಬಿಕೆಯು ಪೂರ್ವದೇಶಗಳಲ್ಲಿರುವಂತೆಯೇ ಪಶ್ಚಿಮದೇಶಗಳಲ್ಲಿಯೂ ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರು ತಮ್ಮ ಮಕ್ಕಳನ್ನು ಉಪಾಧ್ಯಾಯನೊಬ್ಬನ ಸಂಗಡ ಫ್ರಾನ್ಸು ಇಟಲಿಗಳಿಗೆ ಕಳುಹಿಸುತ್ತಿದ್ದರು. ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಹಿಡಿಯುತ್ತಿದ್ದ ಆ ಸಂಚಾರವನ್ನು ಈಗಿನ ವಿದ್ಯಾರ್ಥಿಗಳ ತಂಡಗಳು ಬಸ್ಸಿನಲ್ಲಿ ಕುಳಿತು ಕೆಲವೇ ದಿನಗಳಲ್ಲಿ ಮುಗಿಸುತ್ತವೆ. ಅಂಥ ಪ್ರವಾಸದ ಕಾರ್ಯಕ್ರಮಪಟ್ಟಿಯಲ್ಲಿ ಒಂದೆರಡು ದಿನಗಳ ಎದುರಿಗೆ ಅರಮನೆಯ ಹೆಸರಾಗಲಿ ಚಿತ್ರಶಾಲೆಯ ಹೆಸರಾಗಲಿ ಇರುವುದಿಲ್ಲ. ‘ಪ್ರಯಾಣ’ ಎಂಬುದೊಂದೇ ಮಾತು ಇರುತ್ತದೆ. ಆ ದಿನವನ್ನು ಎಲ್ಲರೂ ನಷ್ಟದ ಲೆಕ್ಕಕ್ಕೆ ಬರೆಯುವರು. ಹಾಗೆ ಬರೆಯುವುದು ನ್ಯಾಯವೆ ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಪೂರ್ವಪಕ್ಷವನ್ನು ಮೊದಲು ಕೇಳೋಣ. ಜರ್ಮನಿಯ ಮ್ಯೂನಿಕ್ ನಗರದಿಂದ ಇಟಲಿಯ ವೆನಿಸ್ಸಿಗೆ ರಸ್ತೆಯಲ್ಲಿ 500 ಕಿಲೋಮೀಟರಿಗೂ ಹೆಚ್ಚು ದೂರ. ನಸುಕಿನಲ್ಲೆದ್ದು ಗಂಟುಮೂಟೆ ಕಟ್ಟಿ ಹೊರಟ ಹುಡುಗರು ಬಸ್ಸಿನಲ್ಲಿ ನಿದ್ದೆಹೋದರೆ ಅದು ದೇಹಧರ್ಮ. ಎಚ್ಚರವಾಗಿದ್ದರೂ ಗಾಜಿನಾಚೆ ಓಡಿಹೋಗುವ ಊರುಗಳಿಂದ ಎಂಥ ಜ್ಞಾನ ಬಂದೀತು? ನೋಡಬೇಕಾದವು ಆ ನಗರ, ಈ ನಗರ. ನಡುವಿನದು ಕಳೆಯಬೇಕಾದ ದೂರ ಮಾತ್ರ. ಈ ವಾದದಲ್ಲಿ ಸತ್ಯಾಂಶವಿಲ್ಲವೆನ್ನಲಾಗದು.

ಆದರೆ ‘ನಡುವಿನದು’ ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ಈ ದಾರಿಯು ಸುಮಾರು 1,370 ಮೀಟರು ಎತ್ತರದ ಬ್ರೆನ್ನರ್ ಘಾಟಿಯಲ್ಲಿ ಆಲ್ಪ್ಸ್ ಪರ್ವತವನ್ನು ದಾಟುತ್ತದೆ. 1769ರ ಡಿಸೆಂಬರಿನಲ್ಲಿ ಹದಿಮೂರು ವರ್ಷದ ಬಾಲಕನಾದ ಮೊಟ್ಸಾರ್ಟನು ತಂದೆಯೊಡನೆ ಈ ಘಾಟಿಯಿಂದಲೇ ಇಟಲಿಗೆ ಇಳಿದನು. 1786ರ ಸೆಪ್ಟೆಂಬರಿನಲ್ಲಿ ಗಯಟೆ ಕವಿಯು ಕುದುರೆಬಂಡಿಯಲ್ಲಿ ಇದೇ ದಾರಿಯಾಗಿ ಹೋದನು. ಅವನ ಪ್ರವಾಸಗ್ರಂಥದಲ್ಲಿ ದಾರಿಯ ಬಂಡೆಗಳಿಗೂ ಗಿಡಗಳಿಗೂ ಮೋಡಗಳಿಗೂ ಸ್ಥಾನ ದೊರೆತಿದೆ. ಅವನಿಗೆ ದಾರಿಯು ನಷ್ಟವಾಗಿರಲಿಲ್ಲ.

ಆಸ್ಟ್ರಿಯಕ್ಕೂ ಇಟಲಿಗೂ ಗಡಿಯಾದ ಈ ಘಾಟಿಯಲ್ಲಿ ನಿತ್ಯದ ತಪಾಸಣೆಯನ್ನು 1998ರಲ್ಲಿ ತೆಗೆದುಹಾಕಿದರು. ಮಲಗಿದವನಿಗೆ ದೇಶ ಬದಲಾದುದೇ ತಿಳಿಯದು. ಎಚ್ಚರವಿದ್ದವನಿಗಾದರೋ ಒಂದು ಸೋಜಿಗ ಕಾಣುವುದು. ಇಟಲಿಯೊಳಗೆ ಬಂದ ಮೇಲೆಯೂ ದಾರಿಯ ಫಲಕಗಳಲ್ಲಿ ಊರುಗಳಿಗೆ ಎರಡೆರಡು ಹೆಸರು: ವಿಪಿಟೇನೊ, ಸ್ಟರ್ಜಿಂಗ್, ಬೋಲ್ಜಾನೊ, ಬೋಜೆನ್. ಮೊದಲನೆಯದು ಇಟಾಲಿಯನ್, ಎರಡನೆಯದು ಜರ್ಮನ್. 1919ರ ಕೌಲಿನ ಮೇರೆಗೆ ದಕ್ಷಿಣ ಟಿರೋಲವೆಂಬ ಈ ಜರ್ಮನ್ ನುಡಿಯ ನಾಡು ಆಸ್ಟ್ರಿಯದ ಕೈತಪ್ಪಿ ಇಟಲಿಗೆ ಸೇರಿತು. ಮುಸ್ಸೊಲಿನಿಯ ಸರಕಾರವು ಶಾಲೆಗಳಿಂದ ಆ ನುಡಿಯನ್ನು ಹೊರಹಾಕಿತು. 1939ರಲ್ಲಿ ಅವನೂ ಹಿಟ್ಲರನೂ ಮಾಡಿಕೊಂಡ ಒಪ್ಪಂದವು ಅಲ್ಲಿಯ ಜನರ ಮುಂದೆ ಒಂದು ಕ್ರೂರವಾದ ಆಯ್ಕೆಯನ್ನಿಟ್ಟಿತು: ನುಡಿ ಬೇಕಾದವರು ನಾಡು ಬಿಡಬೇಕು, ನಾಡು ಬೇಕಾದವರು ನುಡಿಯ ಆಸೆ ಬಿಡಬೇಕು. ಬಹುಮಂದಿ ಹೊರಡುವೆವೆಂದು ಬರೆದುಕೊಟ್ಟರು. ಸುಮಾರು 75,000 ಮಂದಿ ಹೊರಟೂಹೋದರು. 1972ರಲ್ಲಿ ಜಾರಿಗೆ ಬಂದ ಸ್ವಯಮಾಡಳಿತದ ಶಾಸನದಿಂದ ಅಲ್ಲಿ ಜರ್ಮನ್ ನುಡಿಗೆ ಭದ್ರವಾದ ನೆಲೆ ದೊರೆಯಿತು. ಬಸ್ಸು ಈ ನಾಡನ್ನು ಎರಡು ಗಂಟೆಯೊಳಗೆ ದಾಟಿಬಿಡುತ್ತದೆ. ನಮಗೆ ನಡುದಾರಿಯಾದುದು ಅವರಿಗೆ ಬಿಡಲೂ ಆಗದ, ಉಳಿಸಿಕೊಳ್ಳಲೂ ಆಗದ ಮನೆಯಾಗಿತ್ತು.

ಹೊರಗಿನ ಮಾತು ಹೀಗಾಯಿತು. ಬಸ್ಸಿನೊಳಗೂ ಪ್ರಯಾಣಿಕರ ಲೆಕ್ಕಕ್ಕೆ ಸೇರದವನೊಬ್ಬನಿದ್ದಾನೆ. ಹುಡುಗರ ನಿದ್ದೆಯ ಹೊತ್ತು ಚಾಲಕನ ದುಡಿಮೆಯ ಹೊತ್ತು. ಐರೋಪ್ಯ ಒಕ್ಕೂಟದ 2006ರ ನಿಯಮದ ಪ್ರಕಾರ ಅವನು ನಾಲ್ಕೂವರೆ ಗಂಟೆ ನಡೆಸಿದ ಮೇಲೆ 45 ನಿಮಿಷ ವಿಶ್ರಮಿಸಲೇಬೇಕು. ದಿನವೊಂದಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ನಡೆಸಕೂಡದು. ಬಸ್ಸು ನಿಂತಾಗ ಹೊತ್ತಾಯಿತೆಂದು ಗೊಣಗುವವರುಂಟು. ಆ ನಿಲುಗಡೆಯಲ್ಲಿ ಶಾಸನವು ಹೇಳುತ್ತಿರುವುದಿಷ್ಟೆ: ಈತನು ಬಂಡಿಯ ಒಂದು ಅಂಗವಲ್ಲ, ದಣಿವುಳ್ಳ ಮನುಷ್ಯ.

ಕಾಂಟ್ ಎಂಬ ಜರ್ಮನ್ ತತ್ತ್ವಜ್ಞನು ಮನುಷ್ಯನನ್ನು ಕೇವಲ ಸಾಧನವಾಗಿ ಎಣಿಸಲಾಗದೆಂದು ಬೋಧಿಸಿದನು. ತನ್ನ ಊರಾದ ಕೋನಿಗ್ಸ್‌ಬರ್ಗಿನ ಸೀಮೆಯನ್ನು ಬಿಟ್ಟು ದೂರ ಹೋಗದೆಯೇ ಆತನು ಭೂಗೋಳವನ್ನು ಪಾಠ ಹೇಳಿದವನು. ಆತನ ಮಾತಿನಲ್ಲಿ ‘ಕೇವಲ’ ಎಂಬ ಪದವೇ ಮುಖ್ಯವಾದುದು. ಚಾಲಕನ ಸೇವೆಯನ್ನು ಪಡೆಯುವುದು ತಪ್ಪಲ್ಲ. ಪರರ ಊರನ್ನು ಹಾದುಹೋಗುವುದೂ ತಪ್ಪಲ್ಲ. ಆದರೆ ನಮ್ಮ ಗುರಿಗೆ ನಡುವೆ ಬಂದುದರಿಂದಲೇ ಅವರ ಬಾಳು ಬರಿಯ ‘ನಡುವೆ’ ಆಗಿಬಿಟ್ಟಿತೆಂದು ಭಾವಿಸುವುದು ತಪ್ಪು. ಗಾಜಿನಾಚೆಯ ಊರು ನಮಗೆ ತಿಳಿಯಲಾರದೆಂಬ ಪೂರ್ವಪಕ್ಷದ ಮಾತು ನಿಜವೇ. ಆದರೆ ಅಲ್ಲಿ ತಿಳಿಯತಕ್ಕದ್ದು ಇದೆಯೆಂಬುದಾದರೂ ತಿಳಿಯುವುದಲ್ಲವೆ? ನಿದ್ದೆಯಲ್ಲಿ ದೋಷವಿಲ್ಲ, ಉಪೇಕ್ಷೆಯಲ್ಲಿ ದೋಷವಿದೆ. ವಿನಯವು ವಿದ್ಯೆಯ ಫಲವೆಂದು ಹಿರಿಯರು ಹೇಳುವುದಾದರೆ, ದಾರಿಯ ದಿನವು ಕಲಿಸುವಷ್ಟು ವಿನಯವನ್ನು ಚಿತ್ರಶಾಲೆಯ ದಿನವು ಕಲಿಸುವುದೋ ಇಲ್ಲವೋ ಹೇಳಲಾರೆವು.

ನಮ್ಮ ಮನೆಗಳ ಮಕ್ಕಳಲ್ಲಿಯೂ ಇಂಥ ಪ್ರವಾಸ ಮಾಡಿ ಬರುವವರುಂಟು. ಹಿಂತಿರುಗಿದಾಗ “ಏನೇನು ನೋಡಿದೆಯಪ್ಪ?” ಎಂದು ಕೇಳುವುದು ವಾಡಿಕೆ. “ದಾರಿಯಲ್ಲಿ ಯಾರಿದ್ದರು?” ಎಂದೂ ಹಿರಿಯರು ಕೇಳುವುದು ಒಳ್ಳೆಯದು.