ತುಂಬಿದ ತರಗತಿಯಲ್ಲಿ ಪೃಚ್ಛನೆ

ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವಾಗುವ ದೋಷಗಳನ್ನು ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯವು ಹೆಸರಿಸಿದೆ. ತಿಳಿದಿದ್ದೂ ತಿಳಿಯದೆಂದು ಮರೆಮಾಚುವುದು ನಿಹ್ನವ. ಇನ್ನೊಬ್ಬನು ತನಗೆ ಸಮನಾದಾನೆಂದು ಹೇಳಿಕೊಡದಿರುವುದು ಮಾತ್ಸರ್ಯ. ಇನ್ನೊಬ್ಬನು ಪ್ರಕಟಿಸಲಿರುವ ಜ್ಞಾನವನ್ನು ಮಾತಿನಿಂದಲೋ ಅಂಗಚೇಷ್ಟೆಯಿಂದಲೋ ತಡೆಯುವುದು ಆಸಾದನ. ಇವು ಶಾಸ್ತ್ರಸಭೆಗಷ್ಟೇ ಸಲ್ಲುವ ಮಾತುಗಳಲ್ಲ. ನೂರಾರು ಮಂದಿ ಕುಳಿತ ಕಾಲೇಜಿನ ಕೋಣೆಯಲ್ಲಿಯೂ ನಿತ್ಯ ಕಾಣಬರುವಂಥವು.

ಬಿಜ್ಜರಗಿಯಂಥ ಊರಿನಿಂದ ಬಸ್ಸು ಹಿಡಿದು ವಿಜಯಪುರಕ್ಕೆ ಓದಲು ಬರುವ, ಕನ್ನಡ ಮಾಧ್ಯಮದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಸಂದೇಹವಿದೆ, ಎದ್ದು ಕೇಳಿದರೆ ಹಿಂದಿನ ಬೆಂಚಿನವರು ನಕ್ಕಾರೆಂಬ ಅಳುಕು. ಪಕ್ಕದವಳು ಉತ್ತರ ಬಲ್ಲಳು, ಹೇಳಳು. ಇಂಥ ತರಗತಿಯನ್ನೇ ಶಿಸ್ತಿನದೆಂದು ಹೊಗಳುವ ರೂಢಿ ಬೇರೆ!

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರು, ಲೆಕ್ಕ ಬಿಡಿಸಬಲ್ಲ ತಮ್ಮ ವಿದ್ಯಾರ್ಥಿಗಳಿಗೆ ಅದರ ಮೂಲತತ್ತ್ವವೇ ತಿಳಿದಿಲ್ಲವೆಂಬುದನ್ನು ಕಂಡು, 1991ರಲ್ಲಿ ಬೋಧನೆಯ ಕ್ರಮವನ್ನೇ ಬದಲಿಸಿದರು. ಅಧ್ಯಾಪಕರು ಒಂದು ಪ್ರಶ್ನೆ ಮುಂದಿಡುತ್ತಾರೆ. ಪ್ರತಿಯೊಬ್ಬನೂ ಮೊದಲು ಒಬ್ಬನೇ ಯೋಚಿಸಿ ಉತ್ತರ ಗುರುತಿಸಬೇಕು. ಬಳಿಕ ನೆರೆಯವನೊಡನೆ ಚರ್ಚಿಸಿ ಮತ್ತೊಮ್ಮೆ ಉತ್ತರಿಸಬೇಕು. ಕೊನೆಗೆ ಅಧ್ಯಾಪಕರ ವಿವರಣೆ. ಈಚೆಗೆ ತಾನು ಅರಿತವನಿಗೆ, ಗೆಳೆಯನು ಎಡವಿದ್ದೆಲ್ಲಿ ಎಂಬುದು ಚೆನ್ನಾಗಿ ಕಾಣುತ್ತದೆಂಬುದೇ ಇದರ ಮರ್ಮ.

ಜೈನರಿಗೆ ಇದು ತೀರ ಹೊಸದಲ್ಲ. ಅಂತರಂಗ ತಪಸ್ಸುಗಳಲ್ಲೊಂದಾದ ಸ್ವಾಧ್ಯಾಯಕ್ಕೆ ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶಗಳೆಂಬ ಐದು ಬಗೆಗಳು. ಕಾಲೇಜಿನ ಉಪನ್ಯಾಸವು ವಾಚನೆ, ಉಪದೇಶಗಳನ್ನಷ್ಟೇ ಉಳಿಸಿಕೊಂಡು, ಪ್ರಶ್ನೆಯನ್ನೂ ಚಿಂತನೆಯನ್ನೂ ಮನೆಗೆ ಕಳುಹಿಸಿಬಿಟ್ಟಿದೆ.

ಅಧ್ಯಾಪಕರು ತಮ್ಮ ಹೊಣೆಯನ್ನು ಮಕ್ಕಳ ಮೇಲೆ ಹಾಕಿದಂತಾಗದೆ, ಎಂಬ ಆಕ್ಷೇಪವಿದೆ. ಪ್ರಶ್ನೆಯನ್ನು ಆರಿಸುವುದೂ ತಪ್ಪನ್ನು ತಿದ್ದುವುದೂ ಅವರದೇ ಆಗಿರುವವರೆಗೆ ಈ ಆಕ್ಷೇಪ ನಿಲ್ಲದು. ಬರಿಯ ಸೆಮಿನಾರು ಹಂಚಿ ಹಿಂದೆ ಕುಳಿತರೆ ಮಾತ್ರ ಅದು ನಿಜ. ಇದಕ್ಕಿಂತ ಗಂಭೀರವಾದ ತೊಡಕು ಇನ್ನೊಂದುಂಟು. ಗುಂಪಿನಲ್ಲಿ ಮಾತುಬಲ್ಲವನೇ ಮುಂದಾಳಾಗಿ, ಮೌನಿ ಮತ್ತೆ ಮೌನಿಯಾಗಿಯೇ ಉಳಿಯುವ ಭಯ. ಆದ್ದರಿಂದ ವಿವರಿಸುವ ಸರದಿ ಎಲ್ಲರಿಗೂ ಬರಬೇಕು, ಚರ್ಚೆ ಕನ್ನಡದಲ್ಲಿಯೂ ನಡೆಯಬೇಕು. ಬಲ್ಲವನು ಕೇಳುತ್ತ ಕುಳಿತುಕೊಳ್ಳುವುದು ಅವನ ಪಾಲಿಗೆ ಕಷ್ಟದ ಅಭ್ಯಾಸವೇ ಸರಿ.

ಇದರಿಂದ ಪಾಠದ ವೇಗ ತಗ್ಗುವುದು ನಿಶ್ಚಯ. ಪಠ್ಯಕ್ರಮ ಮುಗಿಸುವ ಒತ್ತಡದಲ್ಲಿರುವ ಅಧ್ಯಾಪಕರಿಗೆ ವಾರದಲ್ಲಿ ಒಂದು ಗಂಟೆ ದೊರೆತರೂ ಹೆಚ್ಚು. ಉಳಿದದ್ದಕ್ಕೆ ಸಮಾಜದ ದಾನದಿಂದ ನಡೆಯುವ ವಿದ್ಯಾರ್ಥಿನಿಲಯಗಳಿವೆ. ಅಲ್ಲಿ ಊಟ, ವಸತಿಗಳ ವ್ಯವಸ್ಥೆಗೆ ಟ್ರಸ್ಟುಗಳು ಎಷ್ಟೋ ಶ್ರಮಿಸುತ್ತವೆ. ಓದುವ ಕೋಣೆಯಲ್ಲಿ ಮಾತನಾಡಕೂಡದೆಂಬ ನಿಯಮವಿದ್ದರೆ, ಸಂಜೆಯ ಒಂದು ಗಂಟೆಯಾದರೂ ಅದನ್ನು ಸಡಿಲಿಸಲು ಹಣವೇನೂ ಬೇಕಾಗದು.