ಬೀಜದ ಗುಣ ಎಲ್ಲಿದೆ?

ಔಷಧೀಯ ಬೀಜವೊಂದರಿಂದ ರಾಸಾಯನಿಕ ಸಂಯುಕ್ತಗಳನ್ನು ಬೇರ್ಪಡಿಸಿ ಹೆಸರಿಸಿದರೆ ಆ ಬೀಜದ ಗುಣ ಪೂರ್ತಿ ತಿಳಿದಂತಾಯಿತೇ ಎಂಬುದು ಪ್ರಯೋಗಶಾಲೆಯಲ್ಲಿ ಹುಟ್ಟಿದ ಪ್ರಶ್ನೆಯಂತೆ ಕಂಡರೂ, ಅದು ಭಾರತೀಯ ದರ್ಶನಗಳಷ್ಟೇ ಹಳೆಯದು. ಬಿಡಿಭಾಗಗಳು ಕೂಡಿ ಆದ ವಸ್ತುವನ್ನು, ಅಂದರೆ ಅವಯವಿಯನ್ನು, ನ್ಯಾಯ-ವೈಶೇಷಿಕರು ತನ್ನ ಭಾಗಗಳಿಗಿಂತ ಬೇರೆಯಾದ ದ್ರವ್ಯವೆಂದು ಒಪ್ಪಿದರು. ಭಾಗಗಳ ಸಮೂಹಕ್ಕೆ ಇಟ್ಟ ಹೆಸರಷ್ಟೇ ಅದು ಎಂದು ಬೌದ್ಧ ತಾರ್ಕಿಕರು ವಾದಿಸಿದರು.

ಈ ವಾದವನ್ನು ರಾಮನಗರ ಸೀಮೆಯ ಎರಡು ಬೀಜಗಳ ಮೇಲೆ ಒರೆಹಚ್ಚಬಹುದು. ಒಂದು, ಚನ್ನಪಟ್ಟಣದ ಬೊಂಬೆಗಳಿಗೆ ಮರ ಒದಗಿಸುವ ಆಲೆಯ ಬೀಜ. ಮಾಗಡಿಯ ಸಾವನದುರ್ಗದಂಥ ಒಣ ಕಾಡುಗಳಲ್ಲಿ ಬೆಳೆಯುವ ಈ ಮರದ ಜೋಡಿ ಕಾಯಿಗಳು ಒಣಗಿ ಬಿರಿದಾಗ, ತುದಿಯಲ್ಲಿ ನಯವಾದ ಬಿಳಿ ಕುಚ್ಚುಳ್ಳ ಬೀಜಗಳು ಗಾಳಿಗೆ ಹಾರುತ್ತವೆ, ಗ್ರಂಧಿಗೆ ಅಂಗಡಿಗಳಲ್ಲಿ ಅವೇ ಸಿಹಿ ಇಂದ್ರಜವವೆನಿಸಿಕೊಳ್ಳುತ್ತವೆ. ಇನ್ನೊಂದು, ಕನಕಪುರದ ಕಡೆಯ ಹೊಲದ ಬದುಗಳಲ್ಲಿ ಕಾಣುವ ಹರಳು. ಪುಡಿಮಾಡಿದ ಬೀಜವನ್ನು ಸಾಕ್ಸ್‌ಲೆಟ್ ಉಪಕರಣದಲ್ಲಿಟ್ಟಾಗ, ಕಾದು ಆವಿಯಾಗಿ ಮೇಲೇರಿದ ಹೆಕ್ಸೇನ್ ಎಂಬ ದ್ರಾವಕವು ತಣಿದು ಮತ್ತೆ ಮತ್ತೆ ಪುಡಿಯ ಮೇಲೆ ಸುರಿದು ಎಣ್ಣೆಯನ್ನು ಕರಗಿಸಿಕೊಂಡು ಇಳಿಯುತ್ತದೆ. ಹರಳಿನಲ್ಲಿರುವ ರಿಸಿನ್ ಎಂಬ ವಿಷಕಾರಿ ಪ್ರೋಟೀನು ಹಿಂಡಿಯಲ್ಲೇ ಉಳಿಯುತ್ತದೆ. ಹೀಗೆ, ಬೀಜದಲ್ಲಿ ಏನಿದೆಯೆಂಬುದಕ್ಕೆ ದೊರೆಯುವ ಉತ್ತರವು ಮೊದಲ ಹೆಜ್ಜೆಯಲ್ಲೇ ಕೇಳಿದ ಬಗೆಯನ್ನು ಅವಲಂಬಿಸಿದೆ. ಆಮೇಲೆ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಆವಿಯಾಗಬಲ್ಲ ಮೀಥೈಲ್ ಎಸ್ಟರುಗಳಾಗಿ ಮಾರ್ಪಡಿಸಿ, ಗ್ಯಾಸ್ ಕ್ರೊಮ್ಯಾಟೋಗ್ರಫಿಯಿಂದ ಒಂದೊಂದಾಗಿ ಬಿಡಿಸಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಣುಗಳನ್ನು ಒಡೆದು ಚೂರುಗಳನ್ನು ತೂಗಲಾಗುತ್ತದೆ.

ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 85ರಿಂದ 90 ರಿಸಿನೋಲೆಯಿಕ್ ಆಮ್ಲವಾದರೆ, ಆಲೆಬೀಜದ ಎಣ್ಣೆಯಲ್ಲಿ ಹೇರಳವಾಗಿರುವುದು ಐಸೋರಿಸಿನೋಲೆಯಿಕ್ ಆಮ್ಲ. ಎರಡರಲ್ಲೂ 18 ಇಂಗಾಲ, 34 ಜಲಜನಕ, 3 ಆಮ್ಲಜನಕದ ಪರಮಾಣುಗಳಿದ್ದು, ಅಣುತೂಕವೂ ಒಂದೇ, ಸುಮಾರು 298. ಮೊದಲನೆಯದರಲ್ಲಿ ಹೈಡ್ರಾಕ್ಸಿಲ್ ಗುಂಪು 12ನೆಯ ಇಂಗಾಲದಲ್ಲಿದ್ದು ಜೋಡಿಬಂಧ 9ನೆಯದರಿಂದ ಹೊರಟರೆ, ಎರಡನೆಯದರಲ್ಲಿ ಈ ಸ್ಥಾನಗಳು ಅದಲುಬದಲಾಗಿವೆ. ಪರಮಾಣುಗಳ ಲೆಕ್ಕ ಒಂದೇ ಇದ್ದೂ ದ್ರವ್ಯ ಎರಡಾಗುವಲ್ಲಿ, ಬರಿಯ ಸಮೂಹವೇ ವಸ್ತುವೆಂಬ ಮಾತು ನಿಲ್ಲುವುದಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯವು ಇಂಥದೇ ತೊಡಕನ್ನು ಗುರುತಿಸಿತ್ತು. ಚಿತ್ರಮೂಲ, ದಂತಿ ಎಂಬ ಎರಡು ಗಿಡಗಳಿಗೂ ರಸ, ಎಂದರೆ ರುಚಿ, ಖಾರ; ವೀರ್ಯ, ಎಂದರೆ ಔಷಧಶಕ್ತಿ, ಉಷ್ಣ; ಜೀರ್ಣವಾದ ಮೇಲಿನ ವಿಪಾಕವೂ ಖಾರ. ಆದರೂ ಭೇದಿ ಮಾಡಿಸುವುದು ದಂತಿ ಮಾತ್ರ. ಪಟ್ಟಿಗೆ ಸಿಗದ ಈ ವಿಶೇಷಕ್ಕೆ ಪ್ರಭಾವವೆಂದು ಹೆಸರಿಟ್ಟು, ಅದು ಅಚಿಂತ್ಯ, ಎಂದರೆ ಆಲೋಚನೆಗೆ ನಿಲುಕದ್ದು, ಎಂದು ಆ ಗ್ರಂಥ ಹೇಳಿತು. ಹರಳೆಣ್ಣೆಯ ಭೇದಿಗುಣವೂ ಬಹುಕಾಲ ಹಾಗೆಯೇ ಇತ್ತು. ಕರುಳಿನ ಕಿಣ್ವಗಳು ಎಣ್ಣೆಯಿಂದ ಬಿಡಿಸಿದ ರಿಸಿನೋಲೆಯಿಕ್ ಆಮ್ಲವು ಕರುಳಿನ ಸ್ನಾಯುಕೋಶಗಳ ಇಪಿ3 ಎಂಬ ಗ್ರಾಹಕದ ಮೇಲೆ ವರ್ತಿಸುವುದನ್ನು ಜರ್ಮನಿಯ ವಿಜ್ಞಾನಿಗಳು ತೋರಿಸಿದ್ದು 2012ರಲ್ಲಿ.

ಆದ್ದರಿಂದ ಚರಕನ ಗಮನಿಕೆ ಸರಿ, ಅಚಿಂತ್ಯವೆಂಬ ತೀರ್ಮಾನ ಮಾತ್ರ ಅವಸರದ್ದು. ಆ ಆಮ್ಲವು ಬೀಜದಲ್ಲಿ ಗ್ಲಿಸರಾಲಿಗೆ ಬಂಧಿತವಾಗಿ ಸುಮ್ಮನಿದ್ದು, ದೇಹವನ್ನು ಸೇರಿದ ಮೇಲೆ ಔಷಧವಾಗುತ್ತದೆ. ಗುಣವು ಬೀಜದೊಳಗೆ ಬಚ್ಚಿಟ್ಟ ಪದಾರ್ಥವಲ್ಲ, ಬೀಜಕ್ಕೂ ದೇಹಕ್ಕೂ ನಡುವಿನ ಸಂಬಂಧ. ಸಂಯುಕ್ತಗಳ ಪಟ್ಟಿಯು ಆ ಸಂಬಂಧದ ಒಂದು ತುದಿಯನ್ನಷ್ಟೇ ಹೇಳುತ್ತದೆ.